ಆನರ್ ಸೊಸೈಟಿಯಿಂದ ಪತ್ರ ಬಂದಿದೆ, ದುಡ್ಡು ಕಟ್ಟಿ ಸೇರಬೇಕಾ?

ಪ್ರಶ್ನೆ: ಮಗಳು ಅಮೆರಿಕದ ಒಹಾಯೊದಲ್ಲಿ ಡಿಗ್ರಿ ಮೂರನೇ ವರ್ಷ ಓದುತ್ತಿದ್ದಾಳೆ. ‘ಮಾರ್ಟರ್ ಬೋರ್ಡ್’ ಅನ್ನುವ ಆನರ್ ಸೊಸೈಟಿಗೆ (ಚೆನ್ನಾಗಿ ಓದುವವರನ್ನು ಆರಿಸಿ ಗೌರವಿಸುವ ಸಂಘ) ಆಯ್ಕೆಯಾಗಿದ್ದೇನೆ, ಸದಸ್ಯತ್ವದ ಶುಲ್ಕ ಕಟ್ಟಬೇಕು ಅಂತ ಹೇಳಿದಳು. ಚೆನ್ನಾಗಿ ಓದಿದವರಿಗೆ ಬಹುಮಾನ ಕೊಡುವುದು ಬಿಟ್ಟು ಅವರಿಂದಲೇ ದುಡ್ಡು ಕೇಳುತ್ತಾರಲ್ಲ, ಇದೆಂಥ ಗೌರವ? ಮೋಸ ಇರಬಹುದಾ?
– ಓದುಗರು, ದಾವಣಗೆರೆ

ಉತ್ತರ: ಅನುಮಾನ ಪಟ್ಟಿದ್ದು ಒಳ್ಳೆಯದೇ. ಆದರೆ ಈ ಹೆಸರಿಗೆ ಹೆದರಬೇಕಿಲ್ಲ. ಮಾರ್ಟರ್ ಬೋರ್ಡ್ ನೂರು ವರ್ಷ ದಾಟಿದ ಸಂಸ್ಥೆ. 1918ರ ಫೆಬ್ರವರಿಯಲ್ಲಿ ಕಾರ್ನೆಲ್, ಮಿಷಿಗನ್, ಒಹಾಯೊ ಸ್ಟೇಟ್, ಸ್ವಾರ್ತ್‌ಮೋರ್ ಕಾಲೇಜುಗಳ ವಿದ್ಯಾರ್ಥಿನಿಯರ ಸಂಘಗಳು ಸಿರಕ್ಯೂಸ್‌ನಲ್ಲಿ ಸಭೆ ಸೇರಿ ಇದನ್ನು ಕಟ್ಟಿದವು. ಓದು, ನಾಯಕತ್ವ, ಸೇವೆ ಮೂರನ್ನೂ ಒಟ್ಟಿಗೆ ನೋಡಿ ಕೊನೆಯ, ಅಂದರೆ ನಾಲ್ಕನೇ ವರ್ಷದ ಹುಡುಗಿಯರನ್ನು ಗುರುತಿಸುವುದು ಅವರ ಉದ್ದೇಶ. ಆಗ ಹುಡುಗರದ್ದೇ ಬೇರೆ ಕೂಟಗಳಿದ್ದವು. ವರ್ಜೀನಿಯಾದ ವಾಷಿಂಗ್ಟನ್ ಆಂಡ್ ಲೀ ವಿಶ್ವವಿದ್ಯಾಲಯದಲ್ಲಿ 1914ರಲ್ಲಿ ಹುಟ್ಟಿದ ಓಮಿಕ್ರಾನ್ ಡೆಲ್ಟಾ ಕಪ್ಪಾ ಅಂಥದ್ದು. ಶಿಕ್ಷಣದಲ್ಲಿ ಗಂಡು ಹೆಣ್ಣಿನ ಭೇದ ಮಾಡಬಾರದು ಅನ್ನುವ ಕಾನೂನು 1972ರಲ್ಲಿ ಬಂತು. ಆಮೇಲೆ 1974ರಲ್ಲಿ ಓಮಿಕ್ರಾನ್ ಡೆಲ್ಟಾ ಕಪ್ಪಾ ಹುಡುಗಿಯರನ್ನು ಸೇರಿಸಿಕೊಂಡಿತು, 1975ರಲ್ಲಿ ಮಾರ್ಟರ್ ಬೋರ್ಡ್ ಹುಡುಗರನ್ನು ಸೇರಿಸಿಕೊಂಡಿತು.

ಆಯ್ಕೆ ಹೇಗೆ ಅನ್ನುವುದು ನಮ್ಮ ಕಡೆಯವರಿಗೆ ಸ್ವಲ್ಪ ವಿಚಿತ್ರ ಅನಿಸುತ್ತದೆ. ನಮ್ಮಲ್ಲಿ ರ‍್ಯಾಂಕ್ ಅಂದರೆ ಮಾರ್ಕ್ಸ್, ಅಷ್ಟೇ. ಅಲ್ಲಿ ತರಗತಿಯ ಮೊದಲ 35 ಶೇಕಡಾ ವಿದ್ಯಾರ್ಥಿಗಳಲ್ಲಿ ಇರಬೇಕು ಅನ್ನುವುದು ಬಾಗಿಲು ಮಾತ್ರ. ಒಳಗೆ ಹೋದ ಮೇಲೆ ಯಾವ ಸಂಘ ನಡೆಸಿದೆ, ಯಾರಿಗೆ ಉಪಯೋಗವಾಗುವ ಕೆಲಸ ಮಾಡಿದೆ ಅಂತ ಕೇಳುತ್ತಾರೆ. ಹಾಗಾಗಿ ನಾಲ್ಕಕ್ಕೆ ನಾಲ್ಕು ಜಿಪಿಎ ತೆಗೆದು ರೂಮು ಬಿಟ್ಟು ಆಚೆ ಬಾರದ ಹುಡುಗ ಹೊರಗೆ ಉಳಿಯಬಹುದು, 3.6 ಇರುವ ಹುಡುಗಿ ಆಯ್ಕೆಯಾಗಬಹುದು. ನಿಮ್ಮ ಮಗಳು ಕ್ಯಾಂಪಸ್‌ನಲ್ಲಿ ಏನು ಮಾಡುತ್ತಿದ್ದಾಳೆ ಅಂತ ಈ ನೆಪದಲ್ಲಿ ಒಮ್ಮೆ ಕೇಳಿ. ನಿಮಗೆ ಗೊತ್ತಿಲ್ಲದ ಸಂಗತಿಗಳು ಇರಬಹುದು!

ಇನ್ನು ದುಡ್ಡು. ಇವೆಲ್ಲ ಸರ್ಕಾರದ ಪ್ರಶಸ್ತಿಗಳಲ್ಲ, ಸದಸ್ಯರ ಸಂಸ್ಥೆಗಳು. ಪ್ರಮಾಣಪತ್ರ, ಪಿನ್, ಕೇಂದ್ರ ಕಚೇರಿ, ಸ್ಥಳೀಯ ಘಟಕ, ಎಲ್ಲಕ್ಕೂ ಖರ್ಚಿದೆ. ಶುಲ್ಕ ಕೇಳಿದ ಮಾತ್ರಕ್ಕೆ ಮೋಸ ಅನ್ನಲಾಗದು. ನಮ್ಮ ವಿಶ್ವವಿದ್ಯಾಲಯಗಳೂ ಘಟಿಕೋತ್ಸವಕ್ಕೆ ಶುಲ್ಕ ಕಟ್ಟಿಸಿಕೊಳ್ಳುತ್ತವೆ ಅಲ್ವಾ?

ಆದರೆ ಹೆಸರು ಮಾರಿಕೊಂಡು ಬದುಕುವ ಸೊಸೈಟಿಗಳೂ ಇವೆ, ಅದು ನಿಜ. ಕಾಲೇಜಿಗೆ ಸೇರಿ ಒಂದು ಸೆಮಿಸ್ಟರ್ ಫಲಿತಾಂಶವೂ ಬರುವ ಮೊದಲೇ ‘ನೀವು ಆಯ್ಕೆಯಾಗಿದ್ದೀರಿ’ ಅಂತ ಮೇಲ್ ಬರುತ್ತದೆ. ಮೂರು ದಿನದಲ್ಲಿ ದುಡ್ಡು ಕಟ್ಟಿ ಅನ್ನುತ್ತಾರೆ. ಫ್ರೇಮು, ಉಂಗುರ, ಸ್ವೆಟ್‌ಶರ್ಟ್‌ಗೆ ಬೇರೆ ದರ. ಅಂಥದ್ದನ್ನು ಅಲ್ಲೇ ಬಿಟ್ಟುಬಿಡಿ. ಅಸಲಿ ಸೊಸೈಟಿಗೆ ಕ್ಯಾಂಪಸ್‌ನಲ್ಲೇ ಒಂದು ಘಟಕ ಇರುತ್ತದೆ, ಅದಕ್ಕೆ ಅದೇ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಸಲಹೆಗಾರರಾಗಿರುತ್ತಾರೆ. ಮಗಳು ಅವರ ಕೋಣೆಗೆ ನಡೆದುಕೊಂಡು ಹೋಗಿ ಮಾತಾಡಿ ಬರಲಿ. ಅದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ. 1925ರಲ್ಲಿ ಶುರುವಾದ ‘ಅಸೋಸಿಯೇಷನ್ ಆಫ್ ಕಾಲೇಜ್ ಆನರ್ ಸೊಸೈಟೀಸ್’ ಅನ್ನುವ ಒಕ್ಕೂಟ ಇಂಥವಕ್ಕೆ ಕನಿಷ್ಠ ಮಟ್ಟ ಗೊತ್ತುಮಾಡುತ್ತದೆ, ಅದರ ಸದಸ್ಯರ ಪಟ್ಟಿಯನ್ನೂ ನೋಡಬಹುದು. ಪಟ್ಟಿಯಲ್ಲಿ ಇಲ್ಲದ್ದೆಲ್ಲ ನಕಲಿ ಅಂತಲ್ಲ. 1776ರಲ್ಲಿ ವಿಲಿಯಮ್ ಆಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ, ಎಲ್ಲಕ್ಕಿಂತ ಹಳೆಯದಾದ ಫೈ ಬೀಟಾ ಕಪ್ಪಾ ಕೂಡ ಆ ಒಕ್ಕೂಟದಲ್ಲಿಲ್ಲ. ಗ್ರೀಕ್ ಅಕ್ಷರದ ಹೆಸರು ನೋಡಿ ಪಾರ್ಟಿ ಮಾಡುವ ಹುಡುಗರ ಕೂಟ, ಅಂದರೆ ಫ್ರಟರ್ನಿಟಿ, ಅಂತ ಗಾಬರಿಯಾಗುವ ಅಪ್ಪ ಅಮ್ಮಂದಿರನ್ನೂ ನೋಡಿದ್ದೇನೆ. ಇವು ಬೇರೆ, ಅವು ಬೇರೆ.

ಸೇರಿದರೆ ಏನು ಸಿಗುತ್ತದೆ? ಕೆಲಸಕ್ಕೆ ತೆಗೆದುಕೊಳ್ಳುವವರು ರೆಸ್ಯೂಮೆಯಲ್ಲಿ ಆ ಒಂದು ಸಾಲಿಗೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಅದರ ಮೇಲೆ ಜಾಸ್ತಿ ಆಸೆ ಬೇಡ. ಮುಂದೆ ಓದುವ ಸದಸ್ಯರಿಗೆ ಮಾರ್ಟರ್ ಬೋರ್ಡ್ ಫೆಲೋಶಿಪ್ ಕೊಡುತ್ತದೆ, ಅರ್ಜಿ ಹಾಕಿ ಗೆಲ್ಲಬೇಕು. ನನ್ನ ಲೆಕ್ಕದಲ್ಲಿ ನಿಜವಾದ ಲಾಭ ಬೇರೆಯೇ. ಕೊನೆಯ ವರ್ಷದಲ್ಲಿ ಘಟಕದ ಕಾರ್ಯಕ್ರಮಗಳನ್ನು ಇವರೇ ನಡೆಸಬೇಕು. ಅಲ್ಲಿ ಡೀನ್, ಪ್ರಾಧ್ಯಾಪಕರ ಜೊತೆ ಕೆಲಸ ಮಾಡುತ್ತಾರೆ. ಆಮೇಲೆ ಆ ಪ್ರಾಧ್ಯಾಪಕರು ಬರೆಯುವ ಶಿಫಾರಸು ಪತ್ರದಲ್ಲಿ ಹೇಳಿಕೊಳ್ಳುವಂಥ ವಿಷಯ ಇರುತ್ತದೆ. ಅದಕ್ಕೆ ಸಮಯ ಇದೆಯಾ ಅಂತ ಮಗಳನ್ನು ಕೇಳಿ. ಇದೆ ಅಂದರೆ ದುಡ್ಡು ಕಳಿಸಿ. ಇಲ್ಲ ಅಂದರೆ ಆಯ್ಕೆಯಾಗಿದ್ದಕ್ಕೆ ಖುಷಿಪಟ್ಟು ಬಿಟ್ಟರೂ ಅವಮಾನವೇನಿಲ್ಲ.

ಪ್ರಶ್ನೆ: ಬೆಳಗಾವಿಯಲ್ಲಿ ಬಿ.ಇ. ಮುಗಿಸಿ ಈಗ ಟೆಕ್ಸಾಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಮಾಡುತ್ತಿದ್ದೇನೆ. ನಾಲ್ಕೈದು ಸೊಸೈಟಿಗಳಿಂದ ಮೇಲ್ ಬಂದಿದೆ. ಯಾವುದಕ್ಕೆ ಬೆಲೆ ಇದೆ? ಊರಲ್ಲಿ ಎನ್‌ಎಸ್‌ಎಸ್ ಮಾಡಿದ್ದು ಲೆಕ್ಕಕ್ಕೆ ಬರುತ್ತದಾ?
– ಓದುಗ, ಡಲ್ಲಾಸ್

ಉತ್ತರ: ನಾಲ್ಕೈದಕ್ಕೆ ಸೇರಬೇಡಿ, ಒಂದು ಸಾಕು. ನಿಮ್ಮ ವಿಭಾಗಕ್ಕೆ ಹತ್ತಿರವಾದದ್ದನ್ನು ಮೊದಲು ನೋಡಿ. ಕಂಪ್ಯೂಟಿಂಗ್‌ನವರಿಗೆ ಉಪ್ಸಿಲಾನ್ ಪೈ ಎಪ್ಸಿಲಾನ್ ಇದೆ, ಅದು ಶುರುವಾಗಿದ್ದೇ ನಿಮ್ಮ ಟೆಕ್ಸಾಸ್‌ನ ಎ ಆಂಡ್ ಎಂ ವಿಶ್ವವಿದ್ಯಾಲಯದಲ್ಲಿ, 1967ರಲ್ಲಿ. ಎಲೆಕ್ಟ್ರಿಕಲ್, ಕಂಪ್ಯೂಟರ್ ಎಂಜಿನಿಯರಿಂಗ್‌ನವರಿಗೆ 1904ರ ‘ಈಟಾ ಕಪ್ಪಾ ನೂ’ ಇದೆ, ಈಗ ಎಂಜಿನಿಯರುಗಳ ಸಂಸ್ಥೆ ಐಇಇಇ ಜೊತೆ ಸೇರಿಕೊಂಡಿದೆ. ಟೌ ಬೀಟಾ ಪೈ ಎಂಜಿನಿಯರಿಂಗ್‌ನ ಎಲ್ಲ ಶಾಖೆಗಳಿಗೂ ಸೇರಿದ್ದು. ಡಿಗ್ರಿ ಓದುವವರಾದರೆ ಮೂರನೇ ವರ್ಷದವರಲ್ಲಿ ಮೊದಲ ಎಂಟನೇ ಒಂದು ಭಾಗ, ಕೊನೆಯ ವರ್ಷದವರಲ್ಲಿ ಮೊದಲ ಐದನೇ ಒಂದು ಭಾಗ ಇದ್ದವರಿಗಷ್ಟೇ ಅಲ್ಲಿ ಅವಕಾಶ; ನಿಮ್ಮಂಥ ಸ್ನಾತಕೋತ್ತರದವರೂ ಸೇರಬಹುದು. ಅದಕ್ಕೇ ಎಂಜಿನಿಯರುಗಳ ನಡುವೆ ಆ ಹೆಸರಿಗೆ ತೂಕ. ಎಲ್ಲ ವಿಷಯದವರಿಗೂ ತೆರೆದಿರುವ ಫೈ ಕಪ್ಪಾ ಫೈ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಮೊದಲ ಹತ್ತು ಶೇಕಡಾ ಜನರನ್ನು ನೋಡುತ್ತದೆ. ಥೀಸಿಸ್ ಬರೆಯುವವರಾದರೆ ಸಂಶೋಧಕರ ಸಿಗ್ಮಾ ಕ್ಸೈ ಬಗ್ಗೆ ನಿಮ್ಮ ಗೈಡ್ ಹತ್ತಿರ ಕೇಳಿ.

ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಳ್ಳಬೇಕು ಅನ್ನುವುದೊಂದೇ ಕಾರಣವಾದರೆ ಸುಮ್ನೆ ಖರ್ಚು. ಒಳ್ಳೆಯ ಪ್ರಾಜೆಕ್ಟ್ ಅದಕ್ಕಿಂತ ಜಾಸ್ತಿ ಮಾತಾಡುತ್ತದೆ. ಇಂಥ ಸದಸ್ಯತ್ವ ಇದ್ದರೆ ಅಮೆರಿಕದ ಕೇಂದ್ರ ಸರ್ಕಾರದ ಕೆಲಸದಲ್ಲಿ ಒಂದು ಮೆಟ್ಟಿಲು ಮೇಲೆ, ಜಿಎಸ್-7 ದರ್ಜೆಯಲ್ಲಿ ಸೇರಬಹುದು ಅಂತ ಯಾರಾದರೂ ಹೇಳಿರಬಹುದು. ಸುಳ್ಳಲ್ಲ. ಆದರೆ ಆ ಕೆಲಸಗಳು ಬಹುಪಾಲು ಅಲ್ಲಿನ ನಾಗರಿಕರಿಗೇ. ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿರುವ ನಿಮಗೆ ಈಗ ಅದರಿಂದ ಉಪಯೋಗವಿಲ್ಲ.

ಎನ್‌ಎಸ್‌ಎಸ್ ವಿಷಯ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಹಳ್ಳಿಯಲ್ಲಿ ಏಳು ದಿನದ ಶಿಬಿರ, ಇದು ಸಣ್ಣ ಕೆಲಸವಲ್ಲ. ಆದರೆ ಅಲ್ಲಿನ ಸೊಸೈಟಿಗಳು ಮುಖ್ಯವಾಗಿ ಆ ಕ್ಯಾಂಪಸ್‌ನಲ್ಲಿ ನೀವು ತೆಗೆದ ಗ್ರೇಡು, ಮಾಡಿದ ಕೆಲಸ ನೋಡುತ್ತವೆ. ಅರ್ಜಿಯಲ್ಲಿ ಸೇವೆಯ ಬಗ್ಗೆ ಬರೆಯಲು ಜಾಗ ಇದ್ದರೆ ಖಂಡಿತ ಬರೆಯಿರಿ. ‘ಎನ್‌ಎಸ್‌ಎಸ್ ಸ್ವಯಂಸೇವಕ’ ಅಂತ ಬರೆದು ಬಿಟ್ಟರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಊರು, ಏನು ಮಾಡಿದಿರಿ, ಎಷ್ಟು ಜನರ ತಂಡ ನಡೆಸಿದಿರಿ, ಅದನ್ನು ಬರೆಯಿರಿ.

ಪ್ರಶ್ನೆ: ಮಗ ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಿದ್ದಾನೆ. ಎರಡು ವರ್ಷದ ಕಾಲೇಜಿನ ಆನರ್ ಸೊಸೈಟಿಗೆ ಯಾರಾದರೂ ಬೆಲೆ ಕೊಡುತ್ತಾರಾ?
– ಓದುಗರು, ನ್ಯೂಜೆರ್ಸಿ

ಉತ್ತರ: ಕೊಡುತ್ತಾರೆ. ಹಾಕಿದ ದುಡ್ಡು ವಾಪಸ್ ಬರುವ ಸಾಧ್ಯತೆ ಜಾಸ್ತಿ ಇರುವುದೇ ಇಲ್ಲಿ. ಎರಡು ವರ್ಷದ ಕಾಲೇಜುಗಳ ಫೈ ಥೀಟಾ ಕಪ್ಪಾ ಕೂಡ 1918ರದ್ದೇ. ಅದರ ಸದಸ್ಯರು ನಾಲ್ಕು ವರ್ಷದ ಡಿಗ್ರಿಗೆ ವರ್ಗವಾಗಿ ಬಂದರೆ ಅವರಿಗೆಂದೇ ಹಲವು ವಿಶ್ವವಿದ್ಯಾಲಯಗಳು ಸ್ಕಾಲರ್‌ಶಿಪ್ ಇಟ್ಟಿವೆ. ಮಗ ಮುಂದೆ ಯಾವ ವಿಶ್ವವಿದ್ಯಾಲಯಕ್ಕೆ ಹೋಗಬೇಕು ಅಂದುಕೊಂಡಿದ್ದಾನೋ ಅಲ್ಲಿ ಅಂಥದ್ದು ಇದೆಯಾ, ಕೊನೆಯ ದಿನಾಂಕ ಯಾವಾಗ ಅಂತ ಈಗಲೇ ನೋಡಿಕೊಳ್ಳಲಿ. ಅರ್ಜಿ ಹಾಕುವ ಹೊತ್ತಿಗೆ ಸದಸ್ಯತ್ವ ಕೈಯಲ್ಲಿರಬೇಕು.