ಸೈಕಲ್ ಪ್ರಶ್ನೋತ್ತರ: ಅಂಗಡಿಗೆ ಹೋಗೋಣವೇ, ಆನ್‌ಲೈನಲ್ಲಿ ತರಿಸೋಣವೇ?

ಪ್ರಶ್ನೆ: ಸೈಕಲ್ಲಿನ ಹಿಂದಿನ ಟೈರ್ ಸವೆದಿತ್ತು. ಅಂಗಡಿಯಲ್ಲಿ 26 ಇಂಚಿನದು ಕೇಳಿದೆ. ‘ಮುಂದಿನ ವಾರ ಬರುತ್ತೆ’ ಎನ್ನುತ್ತಾ ಸುಮ್ನೆ ಅಲೆದಾಡಿಸಿದರು. ಬೇಜಾರಾಗಿ ಆನ್‌ಲೈನಲ್ಲಿ ತರಿಸಿದೆ. ಅದರ ಮೇಲೂ 26 ಇಂಚು ಅಂತಲೇ ಇದೆ, ಆದರೆ ರಿಮ್ಮಿಗೆ ಕೂರುತ್ತಿಲ್ಲ. ಅದೇ ಅಂಗಡಿಗೆ ಒಯ್ದರೆ ‘ತಗೊಂಡ ಕಡೆಯೇ ಹಾಕಿಸ್ಕೊಳ್ಳಿ’ ಅಂದರು. ಇನ್ನು ಮುಂದೆ ಎಲ್ಲವನ್ನೂ ಆನ್‌ಲೈನಲ್ಲೇ ಕೊಂಡರೆ ತಪ್ಪೇನು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ವರ್ಷಗಟ್ಟಲೆ ರಿಪೇರಿ ಮಾಡಿದವನಾಗಿ ಹೇಳುತ್ತೇನೆ, ಸ್ಟಾಕ್ ಇಲ್ಲದಿರುವುದು ಅಂಗಡಿಯವರ ತಪ್ಪಲ್ಲ. ಸಣ್ಣ ಅಂಗಡಿಯಲ್ಲಿ ಎಲ್ಲ ಅಳತೆಯ ಟೈರ್ ಇಡಲು ಆಗುವುದಿಲ್ಲ. ಆದರೆ ನಿಮ್ಮ ಹಳೆಯ ಟೈರ್ ನೋಡಿ, ಅದರ ಮೇಲಿನ ನಂಬರ್ ಬರೆದುಕೊಡಲು ಎಷ್ಟು ಹೊತ್ತು ಬೇಕು? ನನಗೆ ಬೇಸರವಾದದ್ದು ಅಲ್ಲಿ.

26 ಇಂಚು ಅಂದರೆ ಒಂದೇ ಅಳತೆಯಲ್ಲ. 26×1.95 ಎಂದು ದಶಮಾಂಶದಲ್ಲಿ ಬರೆದ ಟೈರ್ ಸಾಮಾನ್ಯವಾಗಿ 559 ಮಿ.ಮೀ. ರಿಮ್ಮಿನದು. 26×1 3/8 ಎಂದು ಭಿನ್ನರಾಶಿಯಲ್ಲಿ ಬರೆದದ್ದು ಸಾಮಾನ್ಯವಾಗಿ 590 ಮಿ.ಮೀ. ರಿಮ್ಮಿನದು. ವ್ಯಾಸದಲ್ಲೇ 31 ಮಿ.ಮೀ. ವ್ಯತ್ಯಾಸ. ಒಂದರ ಟೈರ್ ಇನ್ನೊಂದಕ್ಕೆ ಯಾವತ್ತೂ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 50-559 ಅಥವಾ 37-590 ಎಂಬಂತೆ ಇನ್ನೊಂದು ನಂಬರ್ ಇರುತ್ತದೆ, ಹುಡುಕಿ. ಮೊದಲನೆಯದು ಟೈರಿನ ಅಗಲ. ಎರಡನೆಯದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ. ಈ ಎರಡನೆಯದು ಹೊಂದಲೇಬೇಕು. 700ಸಿ ಮತ್ತು 29 ಇಂಚು ಎಂದು ಬೇರೆ ಬೇರೆ ಹೆಸರಿನಲ್ಲಿ ಮಾರುವ ಟೈರುಗಳಿಗೆ ಇದು 622 ಎಂದೇ ಇರುತ್ತದೆ. 27.5 ಇಂಚಿನದಕ್ಕೆ 584. ಹೆಸರು ನಂಬಿ ದುಡ್ಡು ಕೊಡಬೇಡಿ.

ಈ ಮಾತನ್ನು ನಿಮಗೆ ಅಂಗಡಿಯವರೇ ಹೇಳಬೇಕಿತ್ತು, ಅಲ್ವಾ? ಸ್ಟಾಕಿನಲ್ಲಿ, ದರದಲ್ಲಿ ಆನ್‌ಲೈನ್ ಮಾರಾಟಗಾರರನ್ನು ಸಣ್ಣ ಅಂಗಡಿ ಸೋಲಿಸಲಾರದು. ಅದರ ಹತ್ತಿರ ಇರುವುದು ನಿಮ್ಮ ಸೈಕಲ್ಲನ್ನು ಕಣ್ಣಾರೆ ನೋಡುವ, ಮುಟ್ಟಿ ಅಳೆಯುವ ಅನುಕೂಲ. ಅದನ್ನೂ ಬಳಸದೆ ಗಿರಾಕಿಯನ್ನು ಬರಿಗೈಲಿ ಕಳಿಸಿದರೆ, ಅವರು ಯಾಕೆ ಮತ್ತೆ ಬರುತ್ತಾರೆ?

ಹಾಗಂತ ಎಲ್ಲವನ್ನೂ ಆನ್‌ಲೈನಲ್ಲಿ ತರಿಸಬೇಡಿ. ನಂಬರ್ ನೋಡಿ ಹೊಂದಿಸಬಹುದಾದದ್ದನ್ನು ಧೈರ್ಯವಾಗಿ ತರಿಸಿ: ಟೈರ್, ಟ್ಯೂಬ್, ಚೈನ್, ಲೈಟ್, ಬೀಗ. ಬಾಟಮ್ ಬ್ರಾಕೆಟ್, ಅಂದರೆ ಪೆಡಲಿನ ಅಚ್ಚು ತಿರುಗುವ ಬೇರಿಂಗ್, ಮಾತ್ರ ಬೇಡ. ಅದು ಕೂರುವ ಫ್ರೇಮಿನ ಕೊಳವೆಯ ಅಗಲ 68 ಮಿ.ಮೀ. ಇರಬಹುದು, 73 ಇರಬಹುದು. ಇಟಾಲಿಯನ್ ಥ್ರೆಡ್ ಆದರೆ 70. ಒಳಗಿನ ಅಚ್ಚಿನ ಉದ್ದವೂ ಬೇರೆ ಬೇರೆ. ಬಿಚ್ಚಿ ಅಳೆಯದೆ ಗೊತ್ತಾಗುವುದಿಲ್ಲ. ಹಿಂದಿನ ಚಕ್ರವೂ ಹಾಗೆಯೇ. ಚೈನ್ ಕೂರುವ ಹಲ್ಲುಗಾಲಿಗಳು ಕೆಲವಕ್ಕೆ ಥ್ರೆಡ್ಡಿನ ಮೇಲೆ ತಿರುಗಿಸಿ ಕೂರಿಸುವ ಫ್ರೀವೀಲ್, ಕೆಲವಕ್ಕೆ ಚಕ್ರದ ನಡುವಿನ ಗೀರುಗಳ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಇನ್ನು, ಹಾಕಿಕೊಡುವುದಿಲ್ಲ ಎಂದ ಮಾತು. ಹೊರಗಿನಿಂದ ತಂದ ಭಾಗ ಕೆಟ್ಟರೆ ಬೈಗುಳ ತಮಗೇ ಬರುತ್ತದೆ ಎಂಬ ಹೆದರಿಕೆ ಅವರಿಗಿರುತ್ತದೆ. ಅದು ಸುಳ್ಳಲ್ಲ. ಆದರೂ ನನ್ನ ಪ್ರಕಾರ ಕೂಲಿ ಇಷ್ಟು ಎಂದು ಹೇಳಿ ಹಾಕಿಕೊಡುವುದೇ ಸರಿ. ಭಾಗದ ಲಾಭ ಹೋದರೂ ಕೆಲಸದ ದುಡ್ಡು ಉಳಿಯುತ್ತದೆ. ನೀವೂ ಆ ಕೂಲಿಗೆ ಚೌಕಾಸಿ ಮಾಡಬೇಡಿ. ಇನ್ನೊಂದು ಕೆಲಸವನ್ನಂತೂ ಮಾಡಲೇಬೇಡಿ: ಅಂಗಡಿಯಲ್ಲಿ ಅರ್ಧ ಗಂಟೆ ಅಳತೆ ತೆಗೆಸಿ, ಅಲ್ಲೇ ನಿಂತು ಫೋನಿನಲ್ಲಿ ಆರ್ಡರ್ ಮಾಡುವುದು. ಅದು ಒಬ್ಬರ ದುಡಿಮೆಯನ್ನು ಪುಕ್ಕಟೆ ಪಡೆದಂತೆ.

ಪ್ರಶ್ನೆ: ಪೆಟ್ಟಿಗೆಯಲ್ಲಿ ಬರುವ ಸೈಕಲ್ಲನ್ನು ನಾನೇ ಜೋಡಿಸಬಹುದೇ?

ಉತ್ತರ: ಜೋಡಿಸಬಹುದು. ಆದರೆ ಎರಡು ಕಡೆ ಜನ ಜಾಸ್ತಿ ಎಡವುತ್ತಾರೆ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಲ್, ಆರ್ ಗುರುತು ನೋಡದೆ ಸ್ಪ್ಯಾನರಿನಿಂದ ಒತ್ತಿದರೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಥ್ರೆಡ್ಡೇ ಹಾಳು. ಮೊದಲ ಕೆಲವು ಸುತ್ತು ಕೈಯಲ್ಲೇ ಸಲೀಸಾಗಿ ಹೋಗಬೇಕು. ಇನ್ನೊಂದು, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಹಿಂದುಮುಂದಾಗುವುದು. ಅದರ ಬಾಗು ಮುಂದಕ್ಕಿರಬೇಕು. ಡಿಸ್ಕ್ ಬ್ರೇಕ್ ಇದ್ದರೆ ಕುಳಿತವರ ಎಡಗಡೆಗೆ ಬರಬೇಕು.

ಹಳೆಯ ಮಾದರಿಯ ಹ್ಯಾಂಡಲ್ ಆದರೆ ಅದರ ಕಂಬದ ಮೇಲಿನ ಗೆರೆ ಹೊರಗೆ ಕಾಣದಷ್ಟು ಒಳಗೆ ಇಳಿಸಿ. ಹೊಸ ಚಕ್ರದ ಕಡ್ಡಿಗಳು ಸ್ವಲ್ಪ ಓಡಿಸಿದ ಮೇಲೆ ಸಡಿಲವಾಗಬಹುದು. ಆಗ ಚಕ್ರ ಔಟ್ ಆಗಿ ಬ್ರೇಕಿಗೆ ತಾಗುತ್ತದೆ. ಇದಕ್ಕೆ ಮಾತ್ರ ಪಳಗಿದ ಕೈಯೇ ಬೇಕು, ಮೆಕ್ಯಾನಿಕ್ ಹತ್ತಿರ ಹೋಗಿ.

ಪ್ರಶ್ನೆ: ಚೈನ್ ಸವೆದಿದೆ, ಕ್ಯಾಸೆಟ್ಟನ್ನೂ ಬದಲಿಸಬೇಕು ಎಂದು ಅಂಗಡಿಯಲ್ಲಿ ಹೇಳಿದರು. ನಂಬಲೇ?

ಉತ್ತರ: ಅಳೆದು ನೋಡಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಅಂದರೆ ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಚೈನನ್ನು ಬಿಗಿಯಾಗಿ ಎಳೆದು, ಒಂದು ಪಿನ್ನಿನ ನಡುವಿಗೆ ಸ್ಕೇಲ್ ಇಡಿ. ಅಲ್ಲಿಂದ 24 ಕೊಂಡಿ ಆಚೆಯ ಪಿನ್ನಿನ ನಡುವಿಗೆ 12 ಇಂಚಿನ ಮೇಲೆ 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸಿ. ಕ್ಯಾಸೆಟ್ಟಿನ ಹಲ್ಲುಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. 1/8 ಇಂಚು ದಾಟಿದ್ದರೆ ಅವರು ಹೇಳಿದ್ದು ನಿಜ. ಹಲ್ಲುಗಳೂ ಸವೆದಿರುತ್ತವೆ, ಹೊಸ ಚೈನ್ ಅವುಗಳ ಮೇಲೆ ಜಿಗಿಯುತ್ತದೆ. ಆಗ ಎರಡನ್ನೂ ಒಟ್ಟಿಗೆ ಹಾಕಿಸಿ.