ರೇಟ್ ಮಾತಾದ ಮೇಲೆ ಗೋಡೆಲಿ ತೇವ ಕಾಣಿಸಿದ್ರೆ?

ಪ್ರಶ್ನೆ: ಒಂದು ಹಳೆ ಮನೆ ಇಷ್ಟ ಆಗಿ ರೇಟ್ ಮಾತಾಡಿ ಟೋಕನ್ ಅಡ್ವಾನ್ಸ್ ಕೂಡ ಕೊಟ್ಟಿದೀವಿ, ರಿಜಿಸ್ಟ್ರೇಶನ್‌ಗೆ ಇನ್ನೂ ಮೂರು ವಾರ ಇದೆ. ಆಮೇಲೆ ಎಂಜಿನಿಯರ್ ಕರ್ಕೊಂಡು ಹೋಗಿ ತೋರಿಸಿದಾಗ ಬೆಡ್‌ರೂಮಲ್ಲಿ ವಾರ್ಡ್‌ರೋಬ್ ಹಿಂದಿನ ಗೋಡೆ ಪೂರ್ತಿ ತೇವ, ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು, ವೈರಿಂಗ್‌ನಲ್ಲಿ ಅರ್ಥಿಂಗೇ ಇಲ್ಲ ಅಂತ ಗೊತ್ತಾಯ್ತು. ಓನರ್ ಹತ್ರ ಮಾತೆತ್ತಿದ್ರೆ "ನೋಡಿ ತಾನೇ ಒಪ್ಕೊಂಡಿದ್ದು, ಈಗೇನು ಹೊಸ ರಾಗ" ಅಂದ್ರು. ಇನ್ನೂ ಇಬ್ಬರು ಪಾರ್ಟಿ ಕಾಯ್ತಿದ್ದಾರೆ ಅಂತಾರೆ ಬ್ರೋಕರ್. ಹೆಂಡತಿ ಬಿಟ್ಟುಬಿಡೋಣ ಅಂತಾಳೆ, ನಂಗೆ ಮನಸ್ಸು ಬರ್ತಿಲ್ಲ. ಈಗ ರೇಟ್ ಇಳಿಸಿ ಅಂದ್ರೆ ಮಾತಿಗೆ ತಪ್ಪಿದ ಹಾಗಾಗಲ್ವಾ? ಕೇಳೋದಾದ್ರೆ ಎಷ್ಟು ಕೇಳ್ಬೇಕು?

ಉತ್ತರ: ಮಾತಿಗೆ ತಪ್ಪಿದ ಹಾಗೆ ಖಂಡಿತ ಆಗಲ್ಲ. ನೀವು ರೇಟ್ ಒಪ್ಕೊಂಡಿದ್ದು ಕಣ್ಣಿಗೆ ಕಂಡ ಮನೆಗೆ, ವಾರ್ಡ್‌ರೋಬ್ ಹಿಂದೆ ಅಡಗಿದ್ದ ತೇವಕ್ಕಲ್ಲ. ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನಿದ್ದು ಆಮೇಲೆ ವರ್ಷಗಟ್ಟಲೆ ಸಂಕಟಪಟ್ಟವರ ಪತ್ರಗಳು ನಮಗೆ ಎಷ್ಟೋ ಬಂದಿವೆ, ಅದಕ್ಕೇ ಹೇಳ್ತಿದೀನಿ, ಕೇಳಿ. ಆದ್ರೆ ಎಷ್ಟು ಕೇಳ್ಬೇಕು ಅನ್ನೋದಕ್ಕೆ ಇವತ್ತು ನನ್ನ ಹತ್ರ ಉತ್ತರ ಇಲ್ಲ, ನಿಮ್ಮ ಹತ್ರಾನೂ ಇಲ್ಲ, ಯಾಕಂದ್ರೆ ಆ ತೇವ ಎಲ್ಲಿಂದ ಬರ್ತಿದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಕಾರಣ ಗೊತ್ತಾಗೋವರೆಗೂ ರೇಟ್ ಮಾತಾಡಲೇಬೇಡಿ.

ತೇವ ಅಂದ್ರೆ ಒಂದೇ ಕಾಯಿಲೆ ಅಲ್ಲ. ಗೋಡೆಯೊಳಗಿನ ಪೈಪ್ ಜಾಯಿಂಟ್ ಸೋರ್ತಿದ್ಯಾ ಅಂತ ತಿಳಿಯೋಕೆ ಮನೆಯ ಎಲ್ಲಾ ನಲ್ಲಿ ಬಂದ್ ಮಾಡಿ ಒಂದು ಗಂಟೆ ನೀರಿನ ಮೀಟರ್ ನೋಡಿ, ನಲ್ಲಿಗಳಿಗೆ ಮೇಲಿನ ಟ್ಯಾಂಕಿಂದ ನೀರು ಬರ್ತಿದ್ರೆ ಮೀಟರ್ ಬದಲು ಟ್ಯಾಂಕ್ ತುಂಬೋದು ನಿಲ್ಲಿಸಿ ಅದರ ನೀರಿನ ಮಟ್ಟ ನೋಡಿ, ಮುಳ್ಳು ಅಲ್ಲಾಡಿದ್ರೆ ಅಥವಾ ಮಟ್ಟ ಇಳಿದ್ರೆ ಎಲ್ಲೋ ಲೀಕ್ ಇದೆ ಅಂತ ಅರ್ಥ (ಡ್ರೈನ್ ಪೈಪ್ ಸೋರ್ತಿದ್ರೆ ಮಾತ್ರ ಇದರಲ್ಲಿ ಗೊತ್ತಾಗಲ್ಲ, ಅದನ್ನ ಬೇರೆ ಪರೀಕ್ಷೆ ಮಾಡಿಸ್ಬೇಕು). ನೆಲದಿಂದ ನೀರು ಮೇಲಕ್ಕೆ ಹೀರ್ತಿದ್ರೆ ಕಲೆ ಸಾಮಾನ್ಯವಾಗಿ ಸುಮಾರು 1 ಮೀಟರ್ ಎತ್ತರದ ಒಳಗೇ ನಿಂತಿರತ್ತೆ, ಮೇಲಂಚಲ್ಲಿ ಬಿಳಿ ಉಪ್ಪು ಕಟ್ಟಿರತ್ತೆ. ಹೊರಗೋಡೆಯಿಂದ ಬರ್ತಿದ್ರೆ ಮಳೆ ಆದಾಗ ಜಾಸ್ತಿ ಆಗಿ ಬಿಸಿಲಿಗೆ ಕಡಿಮೆ ಆಗತ್ತೆ. ಇನ್ನೊಂದಿದೆ, ವಾರ್ಡ್‌ರೋಬ್‌ನ ತಣ್ಣನೆ ಹೊರಗೋಡೆಗೆ ಒತ್ತಿ ಇಟ್ಟಿದ್ರೆ ಹಿಂದೆ ಗಾಳಿ ಆಡದೆ ಕೋಣೆಯ ಹವೆಯಲ್ಲಿರೋ ನೀರಿನ ಅಂಶವೇ ಅಲ್ಲಿ ಹನಿಗಟ್ಟಿ ಬೂಷ್ಟು ಹಿಡಿಯತ್ತೆ, ಹಾಗಿದ್ರೆ ಎಷ್ಟೋ ಸಲ ವಾರ್ಡ್‌ರೋಬ್ ಸ್ವಲ್ಪ ಮುಂದಕ್ಕೆ ಸರಿಸಿ ಗಾಳಿ ಬಿಟ್ರೆ ಸಾಕಾಗತ್ತೆ. ನೋಡಿ, ಕಲೆ ಒಂದೇ ಥರ ಕಂಡ್ರೂ ಒಂದು ಅರ್ಧ ದಿನದ ಕೆಲಸ, ಇನ್ನೊಂದು ಗೋಡೆ ಪ್ಲಾಸ್ಟರ್ ಪೂರ್ತಿ ಕಿತ್ತು ಮಾಡೋ ಕೆಲಸ. "ವಾಟರ್‌ಪ್ರೂಫ್ ಪೇಂಟ್ ಹೊಡಿಸಿಕೊಡ್ತೀನಿ" ಅಂತ ಓನರ್ ಅಂದ್ರೆ ದಯವಿಟ್ಟು ಒಪ್ಕೋಬೇಡಿ, ನೀರು ಬರೋ ದಾರಿ ಮುಚ್ಚದೆ ಒಳಗಿಂದ ಬಣ್ಣ ಬಳಿದ್ರೆ ತೇವ ಆ ಬಣ್ಣ ಉಬ್ಬಿಸಿಕೊಂಡು ಇಲ್ಲಾಂದ್ರೆ ಪಕ್ಕದಲ್ಲಿ ಮತ್ತೆ ಬಂದೇ ಬರತ್ತೆ.

ಬಿರುಕಿನದ್ದು ನಿಜವಾಗ್ಲೂ ಯೋಚನೆ ಮಾಡೋ ವಿಷಯ. ಕೂದಲೆಳೆಯಷ್ಟಿದ್ದು ಪ್ಲಾಸ್ಟರ್‌ನಲ್ಲಿ ಮಾತ್ರ ಇದ್ರೆ ಮರೆತುಬಿಡಿ. ಓರೆಯಾಗಿದ್ದು, ಒಂದು ಕಡೆ ಅಗಲ ಒಂದು ಕಡೆ ಸಣ್ಣ ಆಗಿ, ಗೋಡೆಯ ಎರಡೂ ಬದಿ ಕಾಣಿಸ್ತಿದ್ರೆ, ಅದರಲ್ಲೂ 5 ಮಿಲಿಮೀಟರ್‌ಗಿಂತ ಅಗಲ ಇದ್ದು ಹತ್ತಿರದ ಬಾಗಿಲು ಕಿಟಕಿ ಬಿಗಿ ಆಗಿದ್ರೆ ಪಾಯ ಕುಸೀತಿರಬಹುದು. ಬಿರುಕು ಇನ್ನೂ ಬೆಳೀತಿದ್ಯಾ ಅಂತ ಖಚಿತವಾಗಿ ಹೇಳೋಕೆ ತಿಂಗಳುಗಟ್ಟಲೆ ಅಳತೆ ತಗೋಬೇಕು, ನಿಮಗಿರೋದು ಮೂರು ವಾರ. ಹಾಗಾಗಿ ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಬರವಣಿಗೆಯಲ್ಲಿ ರಿಪೋರ್ಟ್ ತಗೊಳ್ಳಿ. ಅವರು "ಪಾಯದ ಬಗ್ಗೆ ಈಗಲೇ ಹೇಳೋಕಾಗಲ್ಲ" ಅಂದ್ರೆ ನಾನಂತೂ ಯಾವ ರೇಟಿಗೂ ಈ ಮೂರು ವಾರದಲ್ಲಿ ಮುಂದೆ ಹೋಗಲ್ಲ, ಡೇಟ್ ಮುಂದಕ್ಕೆ ಹಾಕಿ ಅಂತ ಕೇಳ್ತೀನಿ, ಆಗಲ್ಲ ಅಂದ್ರೆ ನಿಮ್ಮ ಹೆಂಡತಿ ಮಾತೇ ಸರಿ.

ಕಾರಣ ಗೊತ್ತಾದ ಮೇಲೆ ಆ ಕೆಲಸ ಮಾಡೋರಿಂದಲೇ ಎರಡು ಎಸ್ಟಿಮೇಟ್ ತಗೊಳ್ಳಿ, ಬಾಯಿಮಾತಲ್ಲಿ ಬೇಡ, ಡೇಟ್ ಹಾಕಿದ ಕಾಗದ ಬೇಕು. ಗೋಡೆ ಒಡೆದ ಮೇಲೆ ಒಳಗೆ ಇನ್ನೇನಾದ್ರೂ ಸಿಕ್ಕೇ ಸಿಗತ್ತೆ, ಅದಕ್ಕೆ ಒಂದು 10ರಿಂದ 20 ಪರ್ಸೆಂಟ್ ಮೇಲೆ ಸೇರಿಸಿ, ಯಾಕೆ ಸೇರಿಸಿದ್ದು ಅಂತಾನೂ ಬರೀರಿ. ಫೋಟೋ, ರಿಪೋರ್ಟ್, ಎಸ್ಟಿಮೇಟ್ ಮೂರೂ ಇಟ್ಟು ಓನರ್‌ಗೆ ಒಂದು ಸಣ್ಣ ಪತ್ರ, ಅದರಲ್ಲಿ ಒಂದೇ ಒಂದು ಮೊತ್ತ. ನಲ್ಲಿ ಲೂಸು, ಚಿಲಕ ಸರಿಯಿಲ್ಲ, ಟೈಲ್ಸ್ ಹಳೇದು ಅಂತೆಲ್ಲ ಪಟ್ಟಿ ಬೆಳೆಸಬೇಡಿ, ಅವೆಲ್ಲ ಮೊದಲೇ ಕಂಡಿದ್ದೇ, ಅದನ್ನೂ ಸೇರಿಸಿದ್ರೆ ತೇವದ ಮಾತಿಗೂ ಬೆಲೆ ಹೋಗತ್ತೆ. ವೈರಿಂಗ್ ವಿಷಯದಲ್ಲಿ ಪೂರ್ತಿ ಖರ್ಚು ಕೇಳೋದು ನ್ಯಾಯ ಅಲ್ಲ ಅನ್ಸತ್ತೆ ನಂಗೆ. ಹಳೆ ಮನೆ ಅಂತ ಗೊತ್ತಿದ್ದೇ ತಗೊಳ್ತಿದೀರಿ, ಹಳೇದರ ಬದಲು ಹೊಸ ವೈರಿಂಗ್ ನಿಮಗೇ ಸಿಗತ್ತೆ, ಅರ್ಧರ್ಧ ಅಂದ್ರೆ ಒಪ್ಕೊಳ್ಳಿ (ಅರ್ಥಿಂಗ್ ಮಾತ್ರ ವಾಸಕ್ಕೆ ಹೋಗೋ ಮುಂಚೆ ಮಾಡಿಸಲೇಬೇಕು, ಜೀವದ ಪ್ರಶ್ನೆ ಅದು). ತೇವದ್ದು ಪಾಯದ್ದು ಹಾಗಲ್ಲ, ಅಲ್ಲಿ ಬಿಟ್ಟುಕೊಡಬೇಡಿ.

ಇನ್ನು ತುಂಬಾ ಜನ ಎಡವೋ ಜಾಗ ಒಂದಿದೆ. ಲೋನ್ ತಗೊಳ್ತಿದ್ರೆ ರೇಟ್ ಇಳಿದಷ್ಟೂ ದುಡ್ಡು ನಿಮ್ಮ ಕೈಗೆ ಬರಲ್ಲ. ಮನೆ ರೇಟ್ 100 ಅಂತ ಇಟ್ಕೊಳ್ಳಿ, ಬ್ಯಾಂಕ್ 80 ಕೊಡತ್ತೆ, ನಿಮ್ಮದು 20. ಓನರ್ 5 ಇಳಿಸಿದ್ರು ಅಂದ್ರೆ ರೇಟ್ 95, ಬ್ಯಾಂಕ್ ಅದರ 80 ಪರ್ಸೆಂಟ್ ಅಂತ 76 ಕೊಟ್ರೆ ನಿಮ್ಮದು 19. ಅಂದ್ರೆ ಕೈಯಲ್ಲಿ ಉಳಿದಿದ್ದು 1, ರಿಪೇರಿಗೆ ಬೇಕಾಗಿರೋದು 5! ಉಳಿದ 4 ಎಲ್ಲಿಂದ ತರ್ತೀರಿ ಅಂತ ಈಗಲೇ ಕೂತು ಲೆಕ್ಕ ಹಾಕಿ. ಇದಕ್ಕೆ ಒಂದು ದಾರಿ ಅಂದ್ರೆ ರೇಟ್ ಹಾಗೇ ಇಟ್ಟು ಓನರ್‌ಗೆ ಸೇರಬೇಕಾದ ದುಡ್ಡಲ್ಲಿ ರಿಪೇರಿಯಷ್ಟನ್ನ ಲಾಯರ್ ಹತ್ರ ಹಿಡಿದಿಟ್ಟು ಕೆಲಸ ಮುಗಿದ ಮೇಲೆ ಬಿಲ್ ನೋಡಿ ಅದರಿಂದ ಕೊಡೋದು, ಆದ್ರೆ ಇದನ್ನ ಬ್ಯಾಂಕಿಗೆ ತಿಳಿಸಿ ಅವರ ಒಪ್ಪಿಗೆ ತಗೊಂಡೇ ಮಾಡ್ಬೇಕು, ಮುಚ್ಚಿಟ್ಟು ಅಲ್ಲ. ಓನರೇ ರಿಪೇರಿ ಮಾಡಿಸ್ತೀನಿ ಅಂದ್ರೆ ನಂಗೆ ಅಷ್ಟು ಧೈರ್ಯ ಇಲ್ಲ, ಬಿಟ್ಟು ಹೋಗೋ ಮನೆಗೆ ಯಾರೂ ಗಟ್ಟಿ ಕೆಲಸ ಮಾಡಿಸಲ್ಲ. ಬ್ಯಾಂಕೇ ರಿಪೇರಿ ಆಗದೆ ಲೋನ್ ಕೊಡಲ್ಲ ಅಂದಾಗ ಮಾತ್ರ ಬೇರೆ ದಾರಿ ಇರಲ್ಲ, ಆಗ ನಿಮ್ಮ ಎಂಜಿನಿಯರ್ ನೋಡಿ ಸರಿ ಅನ್ನೋವರೆಗೂ ಸಹಿ ಹಾಕಬೇಡಿ.

ಪತ್ರ ಕೊಡೋ ಮುಂಚೆ ಅಗ್ರಿಮೆಂಟ್ ಏನಾದ್ರೂ ಸಹಿ ಆಗಿದ್ರೆ ಲಾಯರ್‌ಗೆ ತೋರಿಸಿ, ನೀವು ಹಿಂದೆ ಸರಿದ್ರೆ ಅಡ್ವಾನ್ಸ್ ವಾಪಸ್ ಬರತ್ತಾ ಇಲ್ವಾ ಅನ್ನೋದರ ಮೇಲೆ ನಿಮ್ಮ ಮಾತಿನ ಬಲ ನಿಂತಿದೆ. ಆ ಇಬ್ಬರು ಪಾರ್ಟಿಗಳ ಬಗ್ಗೆ ತಲೆ ಕೆಡಿಸ್ಕೋಬೇಡಿ, ಇದ್ರೂ ಇರಬಹುದು, ಅವರೂ ಎಂಜಿನಿಯರ್ ಕರ್ಕೊಂಡು ಬಂದ್ರೆ ಅದೇ ಗೋಡೆ ಮುಂದೇನೇ ನಿಲ್ತಾರೆ. ಬ್ರೋಕರ್ ಮೇಲೆ ಸಿಟ್ಟಾಗಬೇಡಿ, ರೇಟ್ ಸ್ವಲ್ಪ ಇಳಿದ್ರೆ ಅವರ ಕಮಿಷನ್ ಅಷ್ಟೇನೂ ಕಡಿಮೆ ಆಗಲ್ಲ, ವ್ಯಾಪಾರ ಮುರಿದ್ರೆ ಪೂರ್ತಿ ಹೋಗತ್ತೆ, ರಿಪೋರ್ಟ್ ಕೈಗಿಟ್ರೆ ಅವರೇ ಓನರ್ ಹತ್ರ ಮಾತಾಡ್ತಾರೆ. ಓನರ್‌ನ ಭೇಟಿ ಮಾಡೋ ಹಿಂದಿನ ರಾತ್ರಿ ಗಂಡ ಹೆಂಡತಿ ಇಬ್ಬರೂ ಕೂತು ಇದಕ್ಕಿಂತ ಮೇಲೆ ಕೊಡಲ್ಲ ಅನ್ನೋ ಅಂಕಿ ಒಂದು ಚೀಟಿಲಿ ಬರೆದಿಡಿ. ಅಲ್ಲಿ ಹೋಗಿ ಮನೆ ನೋಡ್ತಾ ನೋಡ್ತಾ ನಿಮ್ಮ ಮನಸ್ಸು ಕರಗತ್ತೆ ಅಂತ ನಿಮ್ಮ ಪತ್ರದಲ್ಲೇ ಕಾಣ್ತಿದೆ, ಆ ಚೀಟಿ ಹೆಂಡತಿ ಕೈಯಲ್ಲಿರಲಿ.

ಪ್ರಶ್ನೆ: ನಾನು ಮನೆ ಮಾರ್ತಿರೋಳು. ನಾಳೆ ರಿಜಿಸ್ಟ್ರೇಶನ್ ಅನ್ನೋವಾಗ ತಗೊಳ್ಳೋರು ಫೋನ್ ಮಾಡಿ "ಛಾವಣಿ ಸರಿಯಿಲ್ಲವಂತೆ, ಇಳಿಸಿದ್ರೆ ಮಾತ್ರ ಬರ್ತೀವಿ" ಅಂದ್ರು. ಕಾಗದ ಏನೂ ತೋರಿಸ್ತಿಲ್ಲ. ಒಪ್ಕೋಬೇಕಾ?

ಉತ್ತರ: ಕಾಗದ ನೋಡದೆ ಬೇಡ. ರಿಪೋರ್ಟ್ ಕೊಡಿ, ನನ್ನ ಕಡೆಯವರೂ ಛಾವಣಿ ನೋಡ್ತಾರೆ, ಒಂದು ವಾರ ಮುಂದಕ್ಕೆ ಹಾಕೋಣ ಅನ್ನಿ. ನಿಜವಾದ ತೊಂದರೆ ಇದ್ದವರು ಒಂದು ವಾರ ಕಾಯ್ತಾರೆ. ರಿಪೋರ್ಟ್ ಬಂದು ಅದರ ಡೇಟ್ ತಿಂಗಳ ಹಿಂದಿನದಾಗಿದ್ರೆ ಗೊತ್ತಿದ್ದೂ ಕೊನೇ ದಿನದವರೆಗೆ ಇಟ್ಕೊಂಡಿದ್ರು ಅಂತ ಆಯ್ತು, ಅಂಥವರಿಗೆ ಇಳಿಸಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಆದ್ರೆ ಛಾವಣಿ ನಿಜವಾಗ್ಲೂ ಸೋರ್ತಿದ್ದು ಅದು ನಿಮಗೂ ಗೊತ್ತಿದ್ದು ಹೇಳದೆ ಇದ್ದಿದ್ರೆ, ಇವತ್ತೇ ಫೋನ್ ಮಾಡಿ ಹೇಳಿಬಿಡಿ, ರಿಪೇರಿ ಖರ್ಚು ಎಷ್ಟೋ ಅಷ್ಟು ಇಳಿಸಿ.