ಮಡಿಕೇರಿ ಮಳೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಹೊರಡಿಸುವ ಮುಂಚೆ ಬ್ಯಾಟರಿಯಲ್ಲಿ ಏನೇನು ನೋಡಬೇಕು?

ಬ್ಯಾಟರಿ ಆಮೇಲೆ, ಮೊದಲು ಬ್ರೇಕ್ ನೋಡಿ. "ರಾತ್ರಿಯೆಲ್ಲ ಚಾರ್ಜಿಗಿಟ್ಟು ಬೆಳಿಗ್ಗೆ ಸುಳ್ಯಕ್ಕೆ ಇಳೀತೀನಿ" ಅಂತ ಬರೆದಿದ್ದೀರಲ್ಲ, ನಾನು ಮಾಡಿದ್ದೂ ಅದೇ. ನೂರು ಪರ್ಸೆಂಟ್ ತುಂಬಿಸಿ ಸಂಪಾಜೆ ಘಾಟಿಗೆ ಬಿಟ್ಟೆ. ಜೋಡುಪಾಲ ಬರುವಷ್ಟರಲ್ಲಿ ಮುಂದಿನ ಡಿಸ್ಕಿನಿಂದ ಸುಟ್ಟ ವಾಸನೆ, ಬ್ರೇಕ್ ಹಿಡಿದರೆ ಲಿವರ್ ಮೆತ್ತಗೆ ಹ್ಯಾಂಡಲಿಗೇ ಬಂದು ತಾಗುತ್ತಿತ್ತು. ಮಣ್ಣಿನ ಬದಿಗೆ ಇಳಿಸಿ ನಿಲ್ಲಿಸಿದೆ.

ತಪ್ಪು ಎಲ್ಲಿ ಅಂದರೆ, ಆಕ್ಸಿಲರೇಟರ್ ಬಿಟ್ಟ ತಕ್ಷಣ ಗಾಡಿ ತಾನೇ ನಿಧಾನ ಆಗುತ್ತಲ್ಲ, ಅದು ರೀಜೆನ್. ಮೋಟರ್ ಆಗ ಡೈನಮೋ ಥರ ತಿರುಗಿ ಬ್ಯಾಟರಿಗೆ ಕರೆಂಟ್ ತುಂಬುತ್ತೆ. ಬ್ಯಾಟರಿ ಮೊದಲೇ ತುಂಬಿದ್ದರೆ ಆ ಕರೆಂಟಿಗೆ ಜಾಗ ಇಲ್ಲ. ಹಾಗಾಗಿ ಎಷ್ಟೋ ಗಾಡಿಗಳಲ್ಲಿ ಕಂಟ್ರೋಲರ್ ರೀಜೆನ್ನನ್ನು ಕಡಿಮೆ ಮಾಡುತ್ತೆ, ಇಲ್ಲವೇ ಪೂರ್ತಿ ನಿಲ್ಲಿಸುತ್ತೆ. ಲೆಕ್ಕ ಹಾಕಿ: ಗಾಡಿ, ನೀವು, ಬ್ಯಾಗು ಸೇರಿ 200 ಕೆಜಿ, ಮಡಿಕೇರಿಯಿಂದ ಸುಳ್ಯಕ್ಕೆ ಇಳಿತ ಸುಮಾರು 1,000 ಮೀಟರ್. ಅಷ್ಟು ಭಾರ ಅಷ್ಟು ಕೆಳಗಿಳಿದರೆ ಅರ್ಧ ಯೂನಿಟ್ ಕರೆಂಟಿನಷ್ಟು ಶಕ್ತಿ. ಗಾಳಿ, ಟೈರ್ ಒಂದು ಪಾಲು ತಿನ್ನುತ್ತವೆ, ಮಿಕ್ಕಿದ್ದೆಲ್ಲ ಬ್ರೇಕಿನಲ್ಲಿ ಶಾಖ ಆಗಲೇಬೇಕು.

ಇನ್ನೊಂದು ಮೋಸ ಇದೆ. ದಿನಾ ರೀಜೆನ್ನಲ್ಲೇ ಓಡಿಸುವವರಿಗೆ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಸವೆದಿದ್ದು ಗೊತ್ತೇ ಆಗಲ್ಲ. ಪ್ಯಾಡ್ ತೆಳುವಾದಷ್ಟೂ ಬಿಸಿ ನೇರ ಕ್ಯಾಲಿಪರಿಗೆ (ಪ್ಯಾಡ್ ಕೂತಿರುವ ಹಿಡಿಕೆಗೆ), ಅಲ್ಲಿಂದ ಬ್ರೇಕ್ ಆಯಿಲಿಗೆ ಹೋಗುತ್ತೆ. ಹಳೇ ಆಯಿಲ್ ನಮ್ಮ ಮಳೆಗಾಲದ ತೇವ ಹೀರಿಕೊಂಡಿರುತ್ತೆ, ಬೇಗ ಕುದಿಯುತ್ತೆ. ಕುದ್ದರೆ ಗುಳ್ಳೆ, ಗುಳ್ಳೆ ಬಂದರೆ ಲಿವರ್ ಮೆತ್ತಗೆ. ನನ್ನ ಗಾಡಿಯಲ್ಲಿ ಒಳಗಡೆ ಪ್ಯಾಡ್ ಒಂದು ಮಿಲಿಮೀಟರೂ ಉಳಿದಿರಲಿಲ್ಲ. ಹೊರಗಡೆಯದ್ದು ಚೆನ್ನಾಗಿತ್ತು, ನಾನು ನೋಡುತ್ತಿದ್ದದ್ದು ಅದನ್ನೇ. ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡರೆ ಹೀಗೇ ಒಂದೇ ಕಡೆ ಸವೆಯೋದು.

ಅದಕ್ಕೇ ಮೊಬೈಲ್ ಟಾರ್ಚ್ ಹಾಕಿ ಎರಡೂ ಪ್ಯಾಡ್ ನೋಡಿ. 1.5 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಘಾಟಿ ಇಳೀಬೇಡಿ. ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದರೆ ಲಿವರ್ ಸಡಿಲ ಆಗಿದೆಯಾ ನೋಡಿ ನಟ್ ಬಿಗಿ ಮಾಡಿಸಿ. ರಾತ್ರಿ ಮಳೆಯಲ್ಲಿ ನಿಂತ ಗಾಡಿಯ ಡಿಸ್ಕಿಗೆ ತುಕ್ಕಿನ ಪದರ ಕೂತಿರುತ್ತೆ, ಗೇಟು ದಾಟುವ ಮೊದಲೇ ನಾಲ್ಕೈದು ಸಲ ಬ್ರೇಕ್ ಹಿಡಿದು ಒರೆಸಿ. ಚಾರ್ಜ್ 80–85 ಪರ್ಸೆಂಟಿಗೆ ನಿಲ್ಲಿಸಿ, ಬಾಕಿ ಸುಳ್ಯದಲ್ಲಿ ಹಾಕಿಕೊಳ್ಳಿ. ಚಾರ್ಜ್ ಬೇಕಿರೋದು ವಾಪಸ್ ಹತ್ತುವಾಗ.

ಟೈರಿನಲ್ಲಿ ಸವೆತದ ಗುರುತಿನ ಉಬ್ಬು ರಬ್ಬರಿನ ಮಟ್ಟಕ್ಕೆ ಬಂದಿದ್ದರೆ ಆ ಟೈರ್ ಮುಗೀತು. ಟೈರಿನ ಗಾಳಿ, ಗಾಡಿಯ ಸ್ಟಿಕ್ಕರಿನಲ್ಲಿ ಬರೆದಷ್ಟು ಇರಲಿ. ಗಾಡಿ ಆಫ್ ಇದ್ದಾಗ ಆಕ್ಸಿಲರೇಟರ್ ತಿರುಗಿಸಿ ಬಿಟ್ಟು ನೋಡಿ, ಟಪ್ ಅಂತ ವಾಪಸ್ ಬರಬೇಕು. ಸದ್ದೇ ಇಲ್ಲದ ಗಾಡಿ ಆನ್ ಇದೆ ಅಂತ ಮರೆತು, ತಳ್ಳುವಾಗ ಆಕ್ಸಿಲರೇಟರ್ ತಿರುಗಿಸಿ ಬೀಳುವವರು ಕಮ್ಮಿ ಇಲ್ಲ, ಮಕ್ಕಳಿರೋ ಮನೆಯಲ್ಲಂತೂ ಕೀ ಬಿಟ್ಟು ಇಳೀಬೇಡಿ.

ಈಗ ನಿಮ್ಮ ಬ್ಯಾಟರಿ ಭಯ. ಬ್ಯಾಟರಿ ಮೇಲೆ ಐಪಿ67 ಅಂತ ಧೂಳು-ನೀರು ತಡೆಯುವ ಗುರುತು ಇದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತೆ ಅಂತ, ಅದೂ ನಿಂತ ನೀರು. ಪ್ರೆಶರ್ ಪಂಪಿನ ಹೊಡೆತಕ್ಕೆ ಆ ಮಾತು ಅನ್ವಯಿಸಲ್ಲ, ಕೆಸರು ತೊಳೆಯುವಾಗ ಕನೆಕ್ಟರ್ ಕಡೆ ಪೈಪ್ ಹಿಡೀಬೇಡಿ. ಚಾರ್ಜಿಂಗ್ ಪೋರ್ಟಿನ ಮುಚ್ಚಳದ ರಬ್ಬರ್ ಹರಿದಿದೆಯಾ, ಪಿನ್ನಿನಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಒದ್ದೆ ಇದ್ದರೆ ಒಣಗಿದ ಮೇಲೇ ಪ್ಲಗ್. ಮನೆಯ ಅರ್ಥಿಂಗ್ ಎಲೆಕ್ಟ್ರಿಷಿಯನ್ ಹತ್ತಿರ ಒಂದು ಸಲ ಚೆಕ್ ಮಾಡಿಸಿ. ಗುಡುಗು ಶುರುವಾದರೆ ಚಾರ್ಜರನ್ನು ಗೋಡೆಯಿಂದಲೇ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.